ವ್ಯಾನ್ ಹತ್ತುವ ಮೊದಲು ಕೇಳಿಬಿಡಿ

ಹೋದ ಸಂಚಿಕೆಯಲ್ಲಿ ಕೆನಡಾದ ರಾಕಿ ಬೆಟ್ಟಗಳ ಸರೋವರಗಳ ಬಗ್ಗೆ ನಾಲ್ಕು ಮಾತು ಬರೆದಿದ್ದೆ. ಅದನ್ನು ಓದಿ ಪತ್ರಗಳು ಬಂದಿವೆ. ಹೆಚ್ಚಿನವರದ್ದು ಒಂದೇ ಥರದ ಕತೆ: ಮಗನೋ ಮಗಳೋ ಕ್ಯಾಲ್ಗರಿಯಲ್ಲಿದ್ದಾರೆ, ಬೇಸಿಗೆಗೆ ಹೊರಟಿದ್ದೇವೆ, ಒಂದು ದಿನದ ಗೈಡೆಡ್ ಟೂರ್ ಹೇಗೆ?

ನಾನು ತೀರ್ಥಹಳ್ಳಿ ಕಡೆಯವಳು. ಈಗ ಊರು ಕ್ಯಾಲ್ಗರಿ. ಬೇಸಿಗೆಯಲ್ಲಿ ಹದಿನಾಲ್ಕು ಸೀಟಿನ ವ್ಯಾನ್ ಓಡಿಸಿಕೊಂಡು ಜನರಿಗೆ ಈ ಸರೋವರಗಳನ್ನು ತೋರಿಸುವುದೇ ನನ್ನ ಕೆಲಸ. ಹಾಗಾಗಿ ವ್ಯಾನಿನವರ ಪರ ನಾನು ಸ್ವಲ್ಪ ವಾಲಿದರೆ ಆಶ್ಚರ್ಯ ಬೇಡ. ವಾಲದ ಕಡೆಯೂ ಇದೆ, ಓದಿ.

ಪ್ರಶ್ನೆ: ಜುಲೈನಲ್ಲಿ ಮಗನ ಮನೆಗೆ ಬರುತ್ತಿದ್ದೇವೆ. ಸ್ವಂತ ಕಾರಿದೆ, ಟೂರ್ ಯಾಕೆ ಅಂತ ಅವನು. ಸೊಸೆ ಮಾತ್ರ ಟೂರ್‌ನಲ್ಲೇ ಹೋಗೋಣ ಅನ್ನುತ್ತಾಳೆ. ಯಾರ ಮಾತು ಕೇಳಲಿ?
— ನಿವೃತ್ತ ಶಿಕ್ಷಕಿ, ಹಾಸನ

ಉತ್ತರ: ಮೊರೇನ್ ಲೇಕ್ ನೋಡಬೇಕು ಅಂತಿದ್ದರೆ ಸೊಸೆಯ ಮಾತು ಕೇಳಿ, ಅಮ್ಮ. 2023ರಿಂದ ಆ ಸರೋವರದ ರಸ್ತೆಗೆ ಖಾಸಗಿ ಕಾರುಗಳನ್ನು ಬಿಡುವುದಿಲ್ಲ. ಮೊದಲು ಬಿಡುತ್ತಿದ್ದರು. ಆಗ ಜನ ರಾತ್ರಿ ಎರಡು ಗಂಟೆಗೇ ಹೋಗಿ ಪಾರ್ಕಿಂಗ್‌ನಲ್ಲಿ ನಿದ್ದೆ ಮಾಡುತ್ತಿದ್ದರು. ಈಗ ಒಳಗೆ ಹೋಗುವುದು ನ್ಯಾಷನಲ್ ಪಾರ್ಕುಗಳನ್ನು ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಪಾರ್ಕ್ಸ್ ಕೆನಡಾದ ಶಟಲ್ ಬಸ್, ‘ರೋಮ್’ (Roam) ಅನ್ನುವ ಹೆಸರಿನ ಸ್ಥಳೀಯ ಸಾರ್ವಜನಿಕ ಬಸ್, ಅನುಮತಿ ಪಡೆದ ಟೂರ್ ವ್ಯಾನುಗಳು. ಅಂಗವಿಕಲರ ಪಾರ್ಕಿಂಗ್ ಪರವಾನಗಿ ಇರುವ ಕಾರಿಗೆ ಮಾತ್ರ ವಿನಾಯಿತಿ.

ಮಗನಿಗೆ ತಾಳ್ಮೆ ಇದ್ದರೆ ಶಟಲ್ ಅಗ್ಗ. ಒಂದಷ್ಟು ಸೀಟುಗಳನ್ನು ಏಪ್ರಿಲ್‌ನಲ್ಲೇ ಬುಕಿಂಗ್‌ಗೆ ಬಿಡುತ್ತಾರೆ. ಉಳಿದದ್ದು ಹೊರಡುವ ದಿನಕ್ಕೆ ಎರಡು ದಿನ ಮೊದಲು, ಅಲ್ಲಿನ ಸಮಯ ಬೆಳಿಗ್ಗೆ 8ಕ್ಕೆ. ನಮ್ಮ ತತ್ಕಾಲ್ ಟಿಕೆಟ್ ಗೊತ್ತಲ್ಲ, ಅದೇ ಗಡಿಬಿಡಿ. ಲೇಕ್ ಲೂಯಿಸ್‌ಗೆ ಕಾರಿನಲ್ಲಿ ಹೋಗಬಹುದು, ಆದರೆ ಜುಲೈನಲ್ಲಿ ಅಲ್ಲಿನ ಪಾರ್ಕಿಂಗ್ ಬೆಳಕು ಹರಿಯುವ ಹೊತ್ತಿಗೇ ತುಂಬಿರುತ್ತದೆ. ಟೂರ್‌ಗೆ ಕೊಡುವ ದುಡ್ಡಿನಲ್ಲಿ ಅರ್ಧ ಈ ತಲೆನೋವು ತಪ್ಪಿಸುವುದಕ್ಕೇ ಅಂದುಕೊಳ್ಳಿ. ಮೇಲಾಗಿ ಮಗನೂ ಕಿಟಕಿಯಿಂದ ಹೊರಗೆ ನೋಡಬಹುದು. ಪಾಪ, ಕಾರು ಓಡಿಸುವವರಿಗೆ ಮುಂದಿನ ಲಾರಿ ಬಿಟ್ಟು ಬೇರೇನೂ ಕಾಣಿಸುವುದಿಲ್ಲ.

ಮೊರೇನ್ ಬೇಡ, ಉಳಿದದ್ದು ಸಾಕು ಅಂತಿದ್ದರೆ ಟೂರ್ ಬೇಕಿಲ್ಲ. ಮಗನ ಕಾರೇ ಸಾಕು.

ಪ್ರಶ್ನೆ: ಎರಡು ಟೂರ್ ನೋಡಿಟ್ಟಿದ್ದೇನೆ. ಒಂದರಲ್ಲಿ ಹನ್ನೊಂದು ಗಂಟೆಯಲ್ಲಿ ಆರು ಸರೋವರ, ಇನ್ನೊಂದರಲ್ಲಿ ಮೂರೇ. ಬೆಲೆ ಹೆಚ್ಚುಕಮ್ಮಿ ಒಂದೇ. ಆರು ಇರುವುದೇ ಲಾಭ ಅಲ್ವಾ?
— ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಉತ್ತರ: ಬನ್ನಿ, ಲೆಕ್ಕ ಹಾಕೋಣ. ಕ್ಯಾಲ್ಗರಿಯಿಂದ ಲೇಕ್ ಲೂಯಿಸ್ ಸುಮಾರು 180 ಕಿ.ಮೀ. ಹೋಗುವುದಕ್ಕೆ ಎರಡು ಗಂಟೆ, ಬರುವುದಕ್ಕೆ ಎರಡು ಗಂಟೆ. ಅಲ್ಲಿಂದ ಮೊರೇನ್ 14 ಕಿ.ಮೀ., ಬೆಟ್ಟದ ರಸ್ತೆ. ಹೋಗಿ ಬರಲು ಮುಕ್ಕಾಲು ಗಂಟೆಯ ಮೇಲಾಗುತ್ತದೆ. ಎಮರಾಲ್ಡ್ ಲೇಕ್ ಇರುವುದು ಪಶ್ಚಿಮಕ್ಕೆ, ಪಕ್ಕದ ಬ್ರಿಟಿಷ್ ಕೊಲಂಬಿಯಾದ ಯೋಹೋ ನ್ಯಾಷನಲ್ ಪಾರ್ಕಿನಲ್ಲಿ. ಪೇಟೋ ಲೇಕ್ ಉತ್ತರಕ್ಕೆ, ಜಾಸ್ಪರ್‌ಗೆ ಹೋಗುವ ಐಸ್‌ಫೀಲ್ಡ್ಸ್ ಪಾರ್ಕ್‌ವೇ ರಸ್ತೆಯಲ್ಲಿ. ಒಂದೊಂದಕ್ಕೂ ಹೋಗಿ ಬರಲು ಗಂಟೆಯ ಮೇಲೆ ಇಪ್ಪತ್ತು ನಿಮಿಷ. ಬೋ ಲೇಕ್ ಪೇಟೋ ದಾರಿಯಲ್ಲೇ ಸಿಗುತ್ತದೆ, ಒಳ್ಳೆಯದು. ಮಿನ್ನೆವಾಂಕಾ ಬ್ಯಾಂಫ್ ಊರಿನ ಹತ್ತಿರ, ಅದಕ್ಕೊಂದು ಅರ್ಧ ಗಂಟೆ ಸುತ್ತು. ಬರೀ ಓಡಾಟವೇ ಎಂಟು ಗಂಟೆ ಆಯಿತು. ಊಟಕ್ಕೆ ಮುಕ್ಕಾಲು ಗಂಟೆ ತೆಗೆಯಿರಿ. ಉಳಿದಿದ್ದು ಎರಡೂಕಾಲು ಗಂಟೆ. ಆರರಿಂದ ಭಾಗಿಸಿ: ತಲಾ ಇಪ್ಪತ್ತು ಚಿಲ್ಲರೆ ನಿಮಿಷ. ಅದರಲ್ಲಿ ಹದಿನಾಲ್ಕು ಜನ ಇಳಿಯಬೇಕು, ಟಾಯ್ಲೆಟ್ ಸಾಲಿನಲ್ಲಿ ನಿಲ್ಲಬೇಕು, ಫೋಟೋ ತೆಗೆಸಿಕೊಳ್ಳಬೇಕು, ಕಾಣೆಯಾದ ಒಬ್ಬರನ್ನು ಹುಡುಕಿ ತರಬೇಕು. ಒಬ್ಬರಾದರೂ ಕಾಣೆಯಾಗೇ ಆಗುತ್ತಾರೆ.

ಆದ್ದರಿಂದ ಎಷ್ಟು ಸರೋವರ ಅಂತ ಕೇಳಬೇಡಿ, ಒಂದೊಂದರ ಹತ್ತಿರ ಎಷ್ಟು ಹೊತ್ತು ನಿಲ್ಲಿಸುತ್ತೀರಿ ಅಂತ ಕೇಳಿ. ಲೂಯಿಸ್‌ನಲ್ಲಿ ಒಂದೂವರೆ ಗಂಟೆ ಸಿಕ್ಕರೆ ದಡದ ಸಮತಟ್ಟು ದಾರಿಯಲ್ಲಿ ಸರೋವರದ ಆ ತುದಿಯವರೆಗೆ ನಡೆದು ಬರಬಹುದು, ಒಂದು ಕಡೆಗೆ 2 ಕಿ.ಮೀ. ಜನಜಂಗುಳಿ ಎಲ್ಲಾ ಹೋಟೆಲ್ ಮುಂದೆಯೇ. ಹತ್ತು ನಿಮಿಷ ನಡೆದರೆ ಅರ್ಧ ಜನ ಹಿಂದೆ ಉಳಿದಿರುತ್ತಾರೆ. ಮೊರೇನ್‌ನಲ್ಲಿ ಕಲ್ಲುರಾಶಿಯ ಮೇಲೆ ಹತ್ತಬೇಕು. ಮೇಲಿನಿಂದ ಹತ್ತು ಶಿಖರಗಳ ಸಾಲು ಕಾಣುತ್ತದೆ. 1969 ಮತ್ತು 1979ರ ಸರಣಿಯ ಕೆನಡಾದ ಇಪ್ಪತ್ತು ಡಾಲರ್ ನೋಟಿನ ಹಿಂದೆ ಇದೇ ದೃಶ್ಯ ಇತ್ತು. ದಡದಲ್ಲಿ ನಿಂತು ಫೋಟೋ ತೆಗೆದು ವ್ಯಾನಿಗೆ ಓಡಿ ಬರುವವರು ಇದನ್ನು ನೋಡುವುದೇ ಇಲ್ಲ.

ಇನ್ನೊಂದು ವಿಷಯ. ಸೂರ್ಯೋದಯದ ಟೂರ್ ಅಂತ ಜಾಸ್ತಿ ದುಡ್ಡಿಗೆ ಮಾರುತ್ತಾರೆ. ಆ ಹೊತ್ತಿನಲ್ಲಿ ಮೊರೇನ್‌ನ ಶಿಖರಗಳು ಕೆಂಪಾಗುತ್ತವೆ, ಅದು ನಿಜಕ್ಕೂ ಚಂದ. ಆದರೆ ನೀರು ಇನ್ನೂ ನೆರಳಿನಲ್ಲಿರುತ್ತದೆ. ನೀವು ಚಿತ್ರದಲ್ಲಿ ನೋಡಿದ ಆ ನೀಲಿ ಬೇಕಾದರೆ ಬಿಸಿಲು ಏರಬೇಕು. ನನ್ನನ್ನು ಕೇಳಿದರೆ ಬೆಳಿಗ್ಗೆ ಲೂಯಿಸ್, ಮಧ್ಯಾಹ್ನದ ಹೊತ್ತಿಗೆ ಮೊರೇನ್, ಆಮೇಲೆ ಎಮರಾಲ್ಡ್ ಅಥವಾ ಪೇಟೋ. ಎರಡರಲ್ಲಿ ಒಂದೇ ಸಾಕು.

ಪ್ರಶ್ನೆ: ಯಜಮಾನರಿಗೆ ಬಿಪಿ, ನನಗೆ ಮಂಡಿನೋವು. ಅಷ್ಟು ಎತ್ತರದಲ್ಲಿ ಉಸಿರಾಟಕ್ಕೆ ತೊಂದರೆ ಆಗುತ್ತದಾ?
— ಗೃಹಿಣಿ, ಚಿಕ್ಕಮಗಳೂರು

ಉತ್ತರ: ಚಿಕ್ಕಮಗಳೂರಿನವರು ನೀವು ಈ ಪ್ರಶ್ನೆ ಕೇಳುವುದಾ! ಮೊರೇನ್ ಲೇಕ್ ಸುಮಾರು 1,880 ಮೀಟರ್ ಎತ್ತರದಲ್ಲಿದೆ. ನಿಮ್ಮ ಮುಳ್ಳಯ್ಯನಗಿರಿ 1,930. ಲೂಯಿಸ್ ಇನ್ನೂ ಕೆಳಗೆ, 1,730ರ ಆಸುಪಾಸು. ಎಮರಾಲ್ಡ್ 1,300. ಪೇಟೋ ನೋಡಲು ಹತ್ತುವ ಬೋ ಸಮಿಟ್ ಮಾತ್ರ 2,000 ದಾಟುತ್ತದೆ, ಅದೂ ಊಟಿಗಿಂತ ಕೆಳಗೇ. ಹಿಮ ಕಂಡ ಕೂಡಲೇ ಲೇಹ್‌ನ ನೆನಪಾಗಿ ಜನ ಹೆದರುತ್ತಾರೆ. ಇಲ್ಲಿ ಅಷ್ಟು ಕೆಳಗೇ ಹಿಮ ಇರುವುದಕ್ಕೆ ಕಾರಣ ಎತ್ತರ ಅಲ್ಲ, ಈ ಊರು ಭೂಪಟದಲ್ಲಿ ತುಂಬಾ ಉತ್ತರಕ್ಕಿದೆ ಅನ್ನುವುದು. ಬಿಪಿಗೆ ನಿಮ್ಮ ಡಾಕ್ಟರನ್ನು ಹೇಗೂ ಕೇಳಿಕೊಂಡೇ ಹೊರಡುತ್ತೀರಿ. ಮಾತ್ರೆಗಳು ಕೈಚೀಲದಲ್ಲೇ ಇರಲಿ, ಸೂಟ್‌ಕೇಸಿನಲ್ಲಿ ಬೇಡ.

ಮಂಡಿಗೆ ಲೂಯಿಸ್ ಮತ್ತು ಎಮರಾಲ್ಡ್ ಒಳ್ಳೆಯವು. ಮೊರೇನ್‌ನ ಕಲ್ಲುರಾಶಿಗೆ ಮೆಟ್ಟಿಲಿದೆ, ನಿಧಾನಕ್ಕೆ ಹತ್ತಿದರೆ ಕಾಲು ಗಂಟೆ. ಬೇಡವಾದರೆ ಬಲಗಡೆ ದಡದುದ್ದಕ್ಕೂ ಸಮ ದಾರಿ ಇದೆ. ಪೇಟೋ ನಿಮಗಲ್ಲ; ಅಲ್ಲಿ ದಾರಿ ಟಾರು ಹಾಕಿದ್ದೇ ಆದರೂ ಒಂದೇ ಸಮ ಏರು. ಜುಲೈ ಆದರೂ ಸ್ವೆಟರ್, ಮಳೆ ಜಾಕೆಟ್ ಎರಡೂ ತನ್ನಿ. ಸೀರೆ ಉಟ್ಟರೂ ಪರವಾಗಿಲ್ಲ, ಕಾಲಿಗೆ ಶೂ ಇರಲಿ.

ಪ್ರಶ್ನೆ: ಆ ನೀರಿನ ಬಣ್ಣ ನಿಜವಾದದ್ದಾ? ನಮ್ಮ ಕ್ಲಾಸಿನಲ್ಲಿ ಎಲ್ಲರೂ ಫಿಲ್ಟರ್ ಅನ್ನುತ್ತಾರೆ.
— ಹತ್ತನೇ ತರಗತಿ ವಿದ್ಯಾರ್ಥಿನಿ, ಧಾರವಾಡ

ಉತ್ತರ: ನಿಜವಾದದ್ದೇ, ಪುಟ್ಟಿ. ಮೇಲಿರುವ ಹಿಮನದಿ ತೂಕಕ್ಕೆ ನಿಧಾನವಾಗಿ ಜಾರುತ್ತಾ ಕೆಳಗಿನ ಬಂಡೆಯನ್ನು ಅರೆಯುತ್ತದೆ, ಬೀಸುವ ಕಲ್ಲು ರಾಗಿ ಬೀಸಿದ ಹಾಗೆ. ಅದರಿಂದ ಬರುವ ಕಲ್ಲಿನ ಹಿಟ್ಟು ಎಷ್ಟು ನುಣುಪು ಅಂದರೆ ನೀರಿನಲ್ಲಿ ತಳಕ್ಕೆ ಇಳಿಯದೆ ತೇಲುತ್ತಲೇ ಇರುತ್ತದೆ. ಬೆಳಕಿನ ಕೆಂಪು ಭಾಗವನ್ನು ನೀರು ಹೀರಿಕೊಳ್ಳುತ್ತದೆ. ಉಳಿದ ನೀಲಿ-ಹಸಿರನ್ನು ಈ ಕಣಗಳು ಎಲ್ಲಾ ಕಡೆಗೆ ಚೆದುರಿಸುತ್ತವೆ. ಅದೇ ನಿನಗೆ ಕಾಣುವ ಬಣ್ಣ.

ಹಾಗಾದರೆ ಬಣ್ಣ ವರ್ಷವಿಡೀ ಒಂದೇ ಥರ ಇರಬಾರದು ಅಲ್ವಾ? ಇರುವುದಿಲ್ಲ. ನವೆಂಬರಿನಿಂದ ಸುಮಾರು ಜೂನ್ ಆರಂಭದವರೆಗೆ ಲೇಕ್ ಲೂಯಿಸ್ ಹೆಪ್ಪುಗಟ್ಟಿರುತ್ತದೆ. ಜನ ಅದರ ಮೇಲೆ ಸ್ಕೇಟಿಂಗ್ ಮಾಡುತ್ತಾರೆ. ಬಿಸಿಲು ಜೋರಾದಂತೆ ಹಿಮ ಕರಗಿ ಹಿಟ್ಟು ಬರುತ್ತದೆ, ಬಣ್ಣ ಗಟ್ಟಿಯಾಗುತ್ತದೆ. ಜೂನ್ ಮೊದಲ ವಾರದಲ್ಲಿ ಮೊರೇನ್‌ಗೆ ಬಂದು "ಇದೇನಾ?" ಅಂತ ನನ್ನ ಮುಖ ನೋಡಿದವರಿದ್ದಾರೆ. ಅರ್ಧ ಮಂಜುಗಡ್ಡೆ, ಅರ್ಧ ಖಾಲಿ. ಜೂನ್ ಕೊನೆಗೆ ಅದೇ ಸರೋವರ ತುಂಬಿರುತ್ತದೆ. ಕ್ಲಾಸಿನವರಿಗೆ ಹೇಳು.

ಪ್ರಶ್ನೆ: ನಮ್ಮ ಬಂಡೀಪುರದ ರಸ್ತೆಯನ್ನು ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚುತ್ತಾರೆ. ಅಲ್ಲಿ ಹೆದ್ದಾರಿ ಕಾಡಿನ ನಡುವೆಯೇ ಹೋಗುತ್ತದಂತೆ. ಪ್ರಾಣಿಗಳ ಗತಿ ಏನು? ಕರಡಿ ಕಾಣುತ್ತದಾ?
— ವ್ಯಾಪಾರಿ, ಗುಂಡ್ಲುಪೇಟೆ

ಉತ್ತರ: ಇಲ್ಲಿ ರಸ್ತೆ ಮುಚ್ಚುವುದಿಲ್ಲ. ಎರಡೂ ಬದಿಗೆ ಎತ್ತರದ ಬೇಲಿ ಹಾಕಿ, ಪ್ರಾಣಿಗಳಿಗೆ ಬೇರೆ ದಾರಿ ಮಾಡಿಕೊಟ್ಟಿದ್ದಾರೆ. ಲೂಯಿಸ್, ಮೊರೇನ್ ಇರುವ ಬ್ಯಾಂಫ್ ನ್ಯಾಷನಲ್ ಪಾರ್ಕಿನೊಳಗೆ ಹೆದ್ದಾರಿಯ ಮೇಲೆ 6 ಸೇತುವೆ, ಕೆಳಗೆ 38 ಸುರಂಗದಾರಿ. ಮೇಲ್ಸೇತುವೆಗಳ ಮೇಲೆ ಮಣ್ಣು ಹಾಕಿ ಮರ ಬೆಳೆಸಿದ್ದಾರೆ. ಕಾರಿನಲ್ಲಿ ಹೋಗುವವರಿಗೆ ಗುಡ್ಡದ ಕೆಳಗೆ ನುಗ್ಗಿದ ಹಾಗಿರುತ್ತದೆ. ಜಿಂಕೆ, ನಮ್ಮ ಕಡವೆಯಂಥ ಎಲ್ಕ್ ಬೇಗ ಒಗ್ಗಿಕೊಂಡವು. ಗ್ರಿಜ್ಲಿ ಕರಡಿಗಳಿಗೆ ವರ್ಷಗಳೇ ಬೇಕಾದವು. ದೊಡ್ಡ ಪ್ರಾಣಿಗಳಿಗೆ ವಾಹನ ಡಿಕ್ಕಿಯಾಗುವುದು ಶೇ. 80ಕ್ಕೂ ಹೆಚ್ಚು ಕಡಿಮೆಯಾಗಿದೆ.

ಕರಡಿ ಕಾಣುತ್ತದೆ ಅಂತ ಯಾರಾದರೂ ಗ್ಯಾರಂಟಿ ಕೊಟ್ಟರೆ ನಂಬಬೇಡಿ. ಕಂಡರೆ ವ್ಯಾನಿನೊಳಗಿಂದಲೇ ನೋಡುವುದು. ಕರಡಿಯಿಂದ 100 ಮೀಟರ್, ಎಲ್ಕ್‌ನಿಂದ 30 ಮೀಟರ್ ದೂರ ಇರಬೇಕು ಅನ್ನುವುದು ಪಾರ್ಕಿನ ನಿಯಮ.

ಪ್ರಶ್ನೆ: ನಾವು ಶುದ್ಧ ಸಸ್ಯಾಹಾರಿಗಳು. ಬುತ್ತಿ ಕಟ್ಟಿಕೊಂಡು ಹೋಗಬಹುದಾ? ಟಾಯ್ಲೆಟ್ ವ್ಯವಸ್ಥೆ ಹೇಗೆ? ಟಿಪ್ಸ್ ಕೊಡಬೇಕಾ?
— ಉಡುಪಿ

ಉತ್ತರ: ಧಾರಾಳವಾಗಿ ಕಟ್ಟಿಕೊಳ್ಳಿ. ಚಪಾತಿ ಪಲ್ಯ, ಚಿತ್ರಾನ್ನ, ಮೊಸರನ್ನ ಎಲ್ಲಾ ನಡೆಯುತ್ತದೆ. ಸೋರದ ಡಬ್ಬಿಯಲ್ಲಿರಲಿ, ಅಷ್ಟೇ. ನನ್ನ ವ್ಯಾನಿನ ಸೀಟಿನ ಮೇಲೆ ಸಾಂಬಾರ್ ಚೆಲ್ಲಿದ ದಿನದ ಬಗ್ಗೆ ನಾನು ಮಾತಾಡುವುದಿಲ್ಲ. ಆದರೆ ಒಂದು ಅಗುಳೂ ಹೊರಗೆ ಬೀಳಬಾರದು. ಮೊರೇನ್‌ನ ಕಲ್ಲುಗಳ ನಡುವೆ ಅಳಿಲುಗಳು ಬಂದು ಕಾಲಿನ ಹತ್ತಿರ ಕೂರುತ್ತವೆ. ಎಷ್ಟೇ ಮುದ್ದಾಗಿದ್ದರೂ ತಿನ್ನಿಸುವುದು ಕಾನೂನಿಗೆ ವಿರುದ್ಧ, ದಂಡ ಹಾಕುತ್ತಾರೆ. ಕಸದ ಡಬ್ಬಿಯ ಮುಚ್ಚಳ ತೆಗೆಯಲು ಬರಲಿಲ್ಲ ಅಂತ ಪಕ್ಕದಲ್ಲಿಟ್ಟು ಬರಬೇಡಿ. ಕರಡಿ ತೆಗೆಯಬಾರದು ಅಂತ ಚಿಲಕವನ್ನು ಒಳಗೆ ಅಡಗಿಸಿದ್ದಾರೆ. ಕೈ ಒಳಗೆ ತೂರಿಸಿ ಒತ್ತಿ.

ಟಾಯ್ಲೆಟ್ ಇದೆ, ಆದರೆ ಹಲವು ಕಡೆ ನೀರಿಲ್ಲದ್ದು. ಒಂದು ಬಾಟಲಿ ನೀರು, ಸ್ಯಾನಿಟೈಸರ್ ಜೊತೆಗಿರಲಿ. ಟಿಪ್ಸ್ ವಿಷಯ ನಾನು ಹೇಳಿದರೆ ಸ್ವಾರ್ಥ ಅನ್ನಬಹುದು. ಇಲ್ಲಿನ ರೂಢಿ ಶೇ. 15.

ಪ್ರಶ್ನೆ: ನಾನು ರೈಲ್ವೆಯಲ್ಲಿ ದುಡಿದು ನಿವೃತ್ತನಾದವನು. ಮನೆಯವರೆಲ್ಲಾ ಸರೋವರ ಸರೋವರ ಅನ್ನುತ್ತಿದ್ದಾರೆ. ನನಗೇನಾದರೂ ಇದೆಯಾ ಅಲ್ಲಿ?
— ಹುಬ್ಬಳ್ಳಿ

ಉತ್ತರ: ಸರ್, ನಿಮ್ಮ ಪತ್ರ ನೋಡಿ ನನಗೆ ಬಹಳ ಖುಷಿಯಾಯಿತು. ಎಮರಾಲ್ಡ್ ಲೇಕ್ ಇರುವ ಟೂರನ್ನೇ ಆರಿಸಿ. ಆ ದಾರಿಯಲ್ಲಿ, ಕಿಕಿಂಗ್ ಹಾರ್ಸ್ ಕಣಿವೆಯಲ್ಲಿ, ಸ್ಪೈರಲ್ ಟನಲ್ಸ್ ಇವೆ.

ಕೆನಡಿಯನ್ ಪೆಸಿಫಿಕ್ ರೈಲ್ವೆ 1884ರಲ್ಲಿ ಇಲ್ಲಿ ಹಳಿ ಹಾಕಿದಾಗ ದುಡ್ಡೂ ಇರಲಿಲ್ಲ, ಸಮಯವೂ ಇರಲಿಲ್ಲ. ಸೀದಾ ಇಳಿಜಾರಿನಲ್ಲೇ ಹಾಕಿಬಿಟ್ಟರು: ಶೇ. 4.5, ಅಂದರೆ 22 ಅಡಿಗೆ ಒಂದು ಅಡಿ ಇಳಿತ. ನಿಮ್ಮ ಸಕಲೇಶಪುರ–ಸುಬ್ರಹ್ಮಣ್ಯ ಘಾಟಿ 50ಕ್ಕೆ ಒಂದು. ಹೋಲಿಸಿ ನೋಡಿ! ಗಾಡಿಗಳು ಹಿಡಿತ ತಪ್ಪಿ ಓಡಿಹೋಗುತ್ತಿದ್ದವು. ಅವುಗಳನ್ನು ಹಿಡಿಯಲು ಬೆಟ್ಟಕ್ಕೆ ಏರುವ ಪಕ್ಕದ ಹಳಿಗಳನ್ನು ಮಾಡಿದ್ದರು. ಕೊನೆಗೆ 1909ರಲ್ಲಿ ಎರಡು ಬೆಟ್ಟಗಳ ಒಳಗೆ ಸುರುಳಿ ಸುರಂಗ ಕೊರೆದರು, ಒಂದು ಕೆಥೀಡ್ರಲ್ ಬೆಟ್ಟದಲ್ಲಿ, ಇನ್ನೊಂದು ಆಗ್ಡನ್ ಬೆಟ್ಟದಲ್ಲಿ. ಹಳಿಯ ಉದ್ದ ಹೆಚ್ಚಾಯಿತು, ಇಳಿಜಾರು ಶೇ. 2.2ಕ್ಕೆ ಬಂತು. ಉದ್ದದ ಗೂಡ್ಸ್ ಗಾಡಿ ಬಂದರೆ ಅದರ ಮುಂಭಾಗ ಸುರಂಗದಿಂದ ಹೊರಬಂದು ತನ್ನದೇ ಬಾಲದ ಕೆಳಗೆ ಹಾದುಹೋಗುವುದನ್ನು ನಿಂತು ನೋಡಬಹುದು. ಹಳೆಯ ಕಡಿದಾದ ಹಳಿಯ ಜಾಗದಲ್ಲಿ ಈಗ ಹೆದ್ದಾರಿ ಇದೆ, ಬಹುಪಾಲು ನೀವು ಅದರ ಮೇಲೇ ಹೋಗುತ್ತೀರಿ.

ಗೂಡ್ಸ್ ಗಾಡಿಗೆ ಬೋರ್ಡಿನಲ್ಲಿ ಟೈಮ್ ಹಾಕುವುದಿಲ್ಲ, ಅದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಬೆಳಿಗ್ಗೆ ವ್ಯಾನ್ ಹತ್ತುವಾಗಲೇ ಗೈಡ್‌ಗೆ ಹೇಳಿಡಿ. ಬೇಕು ಅನ್ನುವವರು ಒಬ್ಬರಿದ್ದರೂ ನಾವು ಹತ್ತು ನಿಮಿಷ ಜಾಸ್ತಿ ಕಾಯುತ್ತೇವೆ. ಯಾರೂ ಕೇಳದಿದ್ದರೆ ಸುಮ್ನೆ ಮುಂದಕ್ಕೆ ಹೋಗಿಬಿಡುತ್ತೇವೆ.

ಪ್ರಶ್ನೆ: ದೀಪಾವಳಿ ರಜೆಗೆ, ಅಕ್ಟೋಬರ್ ಕೊನೆಗೆ ಬಂದರೆ?
— ಮೈಸೂರು

ಉತ್ತರ: ಮೊರೇನ್ ರಸ್ತೆ ಅಕ್ಟೋಬರ್ ಮಧ್ಯಕ್ಕೇ ಮುಚ್ಚುತ್ತದೆ, ಮತ್ತೆ ತೆರೆಯುವುದು ಜೂನ್ ಮೊದಲಿಗೆ. ದಸರಾ ರಜೆ ಬೇಗ ಬಂದ ವರ್ಷ ಸೆಪ್ಟೆಂಬರ್ ಕೊನೆಗೆ ಬನ್ನಿ. ಆಗ ಲಾರ್ಚ್ ಮರಗಳ ಎಲೆ ಬಂಗಾರದ ಬಣ್ಣಕ್ಕೆ ತಿರುಗಿರುತ್ತದೆ. ಆ ಎರಡು ವಾರಕ್ಕೆ ಸೀಟು ಸಿಗುವುದು ಜುಲೈಗಿಂತ ಕಷ್ಟ.

ಪ್ರಶ್ನೆ: ಡ್ರೋನ್ ತರಬಹುದಾ?
— ಮಂಗಳೂರು

ಉತ್ತರ: ಬೇಡ. ನ್ಯಾಷನಲ್ ಪಾರ್ಕಿನೊಳಗೆ ಪ್ರವಾಸಿಗರು ಹಾರಿಸುವ ಹಾಗಿಲ್ಲ. ದಂಡ 25,000 ಡಾಲರ್‌ವರೆಗೆ ಹೋಗಬಹುದು. ಅಷ್ಟು ದುಡ್ಡಿದ್ದರೆ ಲೂಯಿಸ್‌ನಲ್ಲಿ ದೋಣಿ ಬಾಡಿಗೆಗೆ ತಗೊಳ್ಳಿ. ಅದಕ್ಕೂ ನೂರು ಡಾಲರ್‌ಗಿಂತ ಜಾಸ್ತಿ ಕೇಳುತ್ತಾರೆ.