ಪ್ರೇಮ ಕಾದಂಬರಿಯೊಳಗೆ ಕೊಲೆ, ಬೆದರಿಕೆ ಎಲ್ಲ ಯಾಕೆ ತರುತ್ತಾರೆ?

ಅಪಾಯ ಬಂದರೆ ಪ್ರೀತಿಗೆ ಅವಸರ ಬರುತ್ತದೆ, ಅದಕ್ಕೇ. ಮಾಮೂಲಿ ಪ್ರೇಮಕಥೆಯಲ್ಲಿ ತಪ್ಪು ಮನುಷ್ಯನನ್ನು ನಂಬಿದರೆ ಮನಸ್ಸು ಮುರಿಯುತ್ತದೆ ಅಷ್ಟೇ. ಇಲ್ಲಿ ಪ್ರಾಣವೇ ಹೋಗಬಹುದು. ಕರೆಂಟ್ ಹೋಗಿದೆ, ಹೊರಗೆ ಯಾರೋ ಚಿಲಕ ಅಲ್ಲಾಡಿಸುತ್ತಿದ್ದಾರೆ, ಪಕ್ಕದಲ್ಲಿ ನಿಂತವನ ಮೇಲೂ ನಾಯಕಿಗೆ ಸಣ್ಣ ಅನುಮಾನ. ಪುಟ ತಿರುಗಿಸದೆ ಇರೋಕಾಗುತ್ತಾ?

ಇನ್ನೊಂದು, ಹೆದರಿದಾಗಲೂ ಎದೆ ಡವಡವ, ಯಾರಾದರೂ ಇಷ್ಟವಾದಾಗಲೂ ಡವಡವ. ಎರಡನ್ನೂ ಮನಸ್ಸು ಬೆರೆಸಿಬಿಡುತ್ತದೆ. ಮನಶ್ಶಾಸ್ತ್ರಜ್ಞರಾದ ಡಟನ್ ಮತ್ತು ಆರನ್ 1974ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕೆನಡಾದಲ್ಲಿ ಹೆದರಿಕೆಯಾಗುವಂತೆ ಅಲ್ಲಾಡುವ ಕ್ಯಾಪಿಲಾನೊ ತೂಗುಸೇತುವೆಯ ಮೇಲೆ ಯುವತಿಯೊಬ್ಬಳು ಮಾತಾಡಿಸಿ ನಂಬರ್ ಕೊಟ್ಟ ಗಂಡಸರಲ್ಲಿ, ಅಲ್ಲಾಡದ ಸೇತುವೆ ಮೇಲೆ ಸಿಕ್ಕವರಿಗಿಂತ ಜಾಸ್ತಿ ಜನ ಆಮೇಲೆ ಅವಳಿಗೆ ಫೋನ್ ಮಾಡಿದರು. ಕಾದಂಬರಿಕಾರರು ಈ ಗುಟ್ಟನ್ನು ಅದಕ್ಕೂ ಮುಂಚೆಯೇ ಹಿಡಿದಿದ್ದರು ಅನ್ನಿ.