ಸಮುದ್ರದ ಎಣ್ಣೆ ಪ್ಲಾಟ್‌ಫಾರ್ಮ್‌ನಲ್ಲಿ ಮೇಂಟೆನೆನ್ಸ್ ಚೆನ್ನಾಗಿದೆಯಾ ಅಂತ ಅಳೆಯೋದು ಹೇಗೆ?

ಸುಮ್ನೆ ಖರ್ಚು ನೋಡಿದರೆ ಸಾಲದು. ನಮ್ಮ ಸಕಲೇಶಪುರದ ತೋಟದಲ್ಲಿ ಒಂದು ವರ್ಷ ಪಲ್ಪರ್‌ನ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸೋ ಮೆಷಿನ್) ಗ್ರೀಸು, ಬೇರಿಂಗಿನ ದುಡ್ಡು ಉಳಿಸಿದೆವು. ಮುಂದಿನ ಜನವರಿಯಲ್ಲಿ, ಕಾಫಿ ಹಣ್ಣು ರಾಶಿ ಬಿದ್ದಿರುವಾಗಲೇ ಅದು ಕೈಕೊಟ್ಟಿತು. ಅರಬ್ಬಿ ಸಮುದ್ರದ ಎಣ್ಣೆ ಕ್ಷೇತ್ರ ಮುಂಬೈ ಹೈನಲ್ಲೂ ಲೆಕ್ಕ ಇದೇ, ಆದರೆ ದಡ ಸುಮಾರು 160 ಕಿ.ಮೀ. ದೂರ, ಒಂದು ಬೇರಿಂಗ್ ತರೋಕೂ ಹಡಗೋ ಹೆಲಿಕಾಪ್ಟರೋ ಬೇಕು. ಅದಕ್ಕೇ ಮೆಷಿನ್ ಎಷ್ಟು ದಿನಕ್ಕೊಮ್ಮೆ ಕೆಡುತ್ತೆ, ಎಣ್ಣೆ ಎಷ್ಟು ಸೋರಿತು, ಗ್ಯಾಸ್ ಎಷ್ಟು ಸುಮ್ನೆ ಉರಿದುಹೋಯಿತು, ಯಾರಿಗೆ ಪೆಟ್ಟಾಯಿತು ಅನ್ನೋದನ್ನೆಲ್ಲ ಒಟ್ಟಿಗೆ ನೋಡಬೇಕು. ನನ್ನ ಪ್ರಕಾರ ಎಲ್ಲಕ್ಕಿಂತ ಜಾಸ್ತಿ ಹೇಳೋದು ಸೇಫ್ಟಿ ಉಪಕರಣಗಳ ಬಾಕಿ ಕೆಲಸದ ಪಟ್ಟಿ. 1988ರಲ್ಲಿ ಉತ್ತರ ಸಮುದ್ರದ ಪೈಪರ್ ಆಲ್ಫಾ ಪ್ಲಾಟ್‌ಫಾರ್ಮ್‌ನಲ್ಲಿ ಮೇಂಟೆನೆನ್ಸ್‌ಗೆಂದು ಸೇಫ್ಟಿ ವಾಲ್ವ್ ಬಿಚ್ಚಿಟ್ಟು, ಕೆಲಸ ಬಾಕಿ ಉಳಿದಿದ್ದ ಪಂಪನ್ನು, ವಿಷಯ ಗೊತ್ತಿಲ್ಲದ ರಾತ್ರಿ ಪಾಳಿಯವರು ಚಾಲೂ ಮಾಡಿದರು. ಗ್ಯಾಸ್ ಸೋರಿ ಸ್ಫೋಟವಾಗಿ 167 ಜನ ಸತ್ತರು.