ಓದುಗರ ಪ್ರಶ್ನೆ: ಎಲೆ ಉದುರಿಸಿ ನಿಂತ ಪ್ಯಾಕಿಪೋಡಿಯಂಗೆ ನೀರು ಹಾಕಬೇಕೇ?

ಪ್ರಶ್ನೆ: ಮಳೆಗಾಲದಲ್ಲಿ ನರ್ಸರಿಯೊಂದರಿಂದ ಪ್ಯಾಕಿಪೋಡಿಯಂ ಗ್ರ್ಯಾಸಿಲಿಯಸ್ ಎಂಬ ಮುಳ್ಳಿನ ಸಕ್ಯುಲೆಂಟ್ ಗಿಡವನ್ನು ತಂದು ಪೂರ್ವ ದಿಕ್ಕಿನ ಬಾಲ್ಕನಿಯಲ್ಲಿ ಇಟ್ಟಿದ್ದೇನೆ. ಡಿಸೆಂಬರ್ ಹೊತ್ತಿಗೆ ಎಲೆಗಳೆಲ್ಲ ಹಳದಿಯಾಗಿ ಉದುರಿಹೋದವು. ನೀರು ಸಾಲದೆಂದು ದಿನ ಬಿಟ್ಟು ದಿನ ಹಾಕುತ್ತಿದ್ದರೂ ಚಿಗುರುತ್ತಿಲ್ಲ. ಗಿಡ ಸತ್ತಿದೆಯೇ?
– ಓದುಗರು, ಬಸವನಗುಡಿ

ಉತ್ತರ: ಈ ಸಂಚಿಕೆ ಕೈಸೇರಿದ ದಿನದಿಂದಲೇ ನೀರು ಹಾಕುವುದನ್ನು ನಿಲ್ಲಿಸಿ. ಎಲೆ ಉದುರಿಸಿದ್ದು ಗಿಡದ ರೋಗವಲ್ಲ, ಅದರ ಹುಟ್ಟುಗುಣ. ಇದು ಮಡಗಾಸ್ಕರ್ ದ್ವೀಪದ ಇಸಾಲೊ ಪ್ರದೇಶದ ಮರಳುಗಲ್ಲಿನ ಬಂಡೆಗಳ ಸಂದಿಯಲ್ಲಿ ಬೆಳೆಯುವ ಗಿಡ. ಅಲ್ಲಿ ನವೆಂಬರ್‌ನಿಂದ ಮಾರ್ಚ್‌ವರೆಗೆ ಮಳೆ ಸುರಿದರೆ ಉಳಿದ ತಿಂಗಳುಗಳಲ್ಲಿ ಬಹುಮಟ್ಟಿಗೆ ಒಣಹವೆ ಇರುತ್ತದೆ. ಆ ಒಣಗಾಲವನ್ನು ಉಬ್ಬಿದ ಕಾಂಡದಲ್ಲಿ ಕೂಡಿಟ್ಟ ನೀರಿನಿಂದ, ಎಲೆಗಳನ್ನು ತೊರೆದು ಕಳೆಯುವುದು ಅದರ ಕ್ರಮ. ನಮ್ಮಲ್ಲಿ ಬೆಳೆದ ಗಿಡಗಳು ಈ ಕ್ರಮವನ್ನು ಇಲ್ಲಿನ ಋತುಗಳಿಗೆ ಹೊಂದಿಸಿಕೊಂಡು, ಬೇಸಿಗೆಯಲ್ಲಿ ಚಿಗುರಿ ಚಳಿಗಾಲದಲ್ಲಿ ಮಲಗುತ್ತವೆ.

ಎಲೆಯಿಲ್ಲದ ಗಿಡ ನೀರನ್ನು ಹೀರುವುದು ಅತ್ಯಲ್ಪ. ಬೆಂಗಳೂರಿನಲ್ಲಿ ಡಿಸೆಂಬರ್, ಜನವರಿಯ ರಾತ್ರಿಗಳು 15 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿಗೆ ಇಳಿಯುವುದರಿಂದ, ಕುಂಡದೊಳಗಿನ ತೇವ ಆರದೆ ಬೇರಿನ ಸುತ್ತ ತಣ್ಣಗೆ ನಿಂತುಬಿಡುತ್ತದೆ; ನಮ್ಮ ಊರಿನಲ್ಲಿ ಈ ಗಿಡಗಳು ಸಾಯುವುದು ಹೆಚ್ಚಾಗಿ ಹೀಗೆಯೇ, ಬಾಯಾರಿಕೆಯಿಂದ ಅಲ್ಲ. ಆದ್ದರಿಂದ ಕ್ಯಾಲೆಂಡರ್ ನೋಡಿ ನೀರು ಹಾಕಬೇಡಿ, ಎಲೆ ನೋಡಿ ಹಾಕಿ. ತುದಿಯಲ್ಲಿ ಹೊಸ ಚಿಗುರು ಬೆರಳಿನ ಉಗುರಿನಷ್ಟಾದ ಮೇಲೆ ಮೊದಲ ನೀರು ಕೊಡಿ. ಅನಂತರ ಮಣ್ಣು ತಳದವರೆಗೆ ಒಣಗಿದಾಗಲೆಲ್ಲ ಕುಂಡದ ತೂತಿನಿಂದ ಹರಿದುಬರುವಷ್ಟು ಹಾಕಿ, ತಟ್ಟೆಯಲ್ಲಿ ನಿಂತ ನೀರನ್ನು ಚೆಲ್ಲಿಬಿಡಿ. ಬೋರ್‌ವೆಲ್ ನೀರು ಗಡಸಾಗಿರುವ ಬಡಾವಣೆಗಳಲ್ಲಿ ಸಂಗ್ರಹಿಸಿದ ಮಳೆನೀರು ಸಿಕ್ಕರೆ ಅದೇ ಉತ್ತಮ.

ಈಗ ಗಿಡ ಬದುಕಿದೆಯೇ ಎಂದು ತಿಳಿಯಲು ಮುಳ್ಳುಗಳ ನಡುವೆ ಹೆಬ್ಬೆರಳಿಟ್ಟು ಬುಡವನ್ನು ಮೆಲ್ಲಗೆ ಒತ್ತಿ ನೋಡಿ. ಗಟ್ಟಿಯಾಗಿದ್ದರೆ ಚಿಂತೆಯಿಲ್ಲ. ಕಾಂಡ ಎಲ್ಲ ಕಡೆಯೂ ಒಂದೇ ಸಮನಾಗಿ ತುಸು ಮೆತ್ತಗಾಗಿದ್ದು, ತೊಗಟೆಯ ಬಣ್ಣ ಬದಲಾಗದಿದ್ದರೆ, ಕೂಡಿಟ್ಟ ನೀರು ಖರ್ಚಾಗಿದೆ ಎಂದಷ್ಟೇ ಅರ್ಥ. ಆದರೆ ನೀವು ಇಷ್ಟು ನೀರು ಹಾಕಿರುವುದರಿಂದ ಬೇರುಗಳು ಹೀರುವುದನ್ನು ನಿಲ್ಲಿಸಿರಲೂಬಹುದು, ಕುಂಡದಿಂದ ತೆಗೆದು ಪರೀಕ್ಷಿಸುವುದು ಕ್ಷೇಮ. ಒಂದೇ ಕಡೆ ಕಂದುಬಣ್ಣಕ್ಕೆ ತಿರುಗಿ ಬೆರಳು ಒಳಗಿಳಿಯುವಂತಿದ್ದರೆ ಅದು ಕೊಳೆತ. ಬೇರುಗಳಷ್ಟೇ ಕೊಳೆತಿದ್ದರೆ ಅವನ್ನು ಶುದ್ಧವಾದ ಚಾಕುವಿನಿಂದ ಬಿಳಿ ತಿರುಳು ಕಾಣುವವರೆಗೆ ಕತ್ತರಿಸಿ, ಗಂಧಕದ ಪುಡಿ ಸವರಿ, ನೆರಳಿನಲ್ಲಿ ಒಂದೆರಡು ವಾರ ಒಣಗಿಸಿ ಮತ್ತೆ ನೆಡಬಹುದು. ಕೊಳೆತವು ಕಾಂಡದ ನಡುವಿನವರೆಗೆ ಏರಿದ್ದರೆ ಉಳಿಸುವುದು ಬಹಳ ಕಷ್ಟ, ಏಕೆಂದರೆ ಕತ್ತರಿಸಿದ ಕಾಂಡದಿಂದ ಈ ಗಿಡ ಬೇರು ಬಿಡುವುದು ಅಪರೂಪ.

ಮಣ್ಣಿನ ವಿಷಯವನ್ನು ಒತ್ತಿ ಹೇಳಬೇಕಾಗಿದೆ. ನರ್ಸರಿಗಳು ಸಾಮಾನ್ಯವಾಗಿ ಬಳಸುವ ಕೊಕೊಪೀಟ್ ಸಾಗಾಟಕ್ಕೆ ಹಗುರವಾದರೂ ತೇವವನ್ನು ಬಹಳ ದಿನ ಹಿಡಿದಿಡುತ್ತದೆ. ನಮ್ಮ ಕೆಂಪುಮಣ್ಣು ಒಣಗಿದಾಗ ಗಟ್ಟಿಕಟ್ಟುತ್ತದೆ. ಮಾರ್ಚ್‌ನಲ್ಲಿ ಗಿಡ ಚಿಗುರುವ ಮುನ್ನ, ಕಾಲು ಭಾಗ ಕೆಂಪುಮಣ್ಣು ಮತ್ತು ಹಳೆಯ ಎಲೆಗೊಬ್ಬರ, ಉಳಿದ ಮುಕ್ಕಾಲು ಭಾಗ ಪ್ಯೂಮಿಸ್ (ಹಗುರವಾದ ಜ್ವಾಲಾಮುಖಿ ಕಲ್ಲು) ಅಥವಾ ಜರಡಿಯಾಡಿ ತೊಳೆದ ಸಣ್ಣ ಜಲ್ಲಿ ಮತ್ತು ಇಟ್ಟಿಗೆ ಚೂರುಗಳ ಮಿಶ್ರಣಕ್ಕೆ ಬದಲಿಸಿ. ಮಣ್ಣಿನ ಕುಂಡವೇ ಸೂಕ್ತ, ಬೇರಿನ ಗಾತ್ರಕ್ಕಿಂತ ಎರಡು ಬೆರಳು ಅಗಲವಾಗಿದ್ದರೆ ಸಾಕು. ದಿನಕ್ಕೆ ಐದಾರು ಗಂಟೆ ನೇರ ಬಿಸಿಲು ಬೇಕು.

ಪ್ರಶ್ನೆ: ಮನೆಯಲ್ಲಿ ಪುಟ್ಟ ಮಗುವಿದೆ. ಈ ಗಿಡದ ರಸ ವಿಷವೇ? ಮುಳ್ಳು ಚುಚ್ಚದಂತೆ ಕುಂಡ ಬದಲಿಸುವುದು ಹೇಗೆ?
– ಓದುಗರು, ವಿಜಯನಗರ

ಉತ್ತರ: ಇದು ಕಣಗಿಲೆ, ದೇವಗಣಗಿಲೆಗಳ ಕುಟುಂಬಕ್ಕೆ ಸೇರಿದ ಗಿಡ, ರಸವನ್ನು ವಿಷವೆಂದೇ ಭಾವಿಸಿ ಮಗುವಿನ ಕೈಗೆ ಎಟುಕದ ಎತ್ತರದಲ್ಲಿಡಿ. ಪ್ರತಿ ಎಲೆಯ ಬುಡದಲ್ಲೂ ಮುಳ್ಳುಗಳು ಜೋಡಿಯಾಗಿ ಹೊರಚಾಚಿರುವುದರಿಂದ ತೆಳುವಾದ ಕೈಗವಸು ಪ್ರಯೋಜನಕ್ಕೆ ಬಾರದು. ಹಳೆಯ ಟವೆಲನ್ನು ನಾಲ್ಕು ಮಡಿಕೆ ಮಾಡಿ ಕಾಂಡಕ್ಕೆ ಸುತ್ತಿ ಎತ್ತಿ. ಆ ವೇಳೆಗೆ ಮುಳ್ಳುಗಳ ಬುಡವನ್ನೂ ಒಮ್ಮೆ ನೋಡಿ. ಹಿಟ್ಟು ತಿಗಣೆಗಳು ಬಿಳಿ ಹತ್ತಿಯಂತೆ ಅಲ್ಲಿಯೇ ಅಡಗಿರುತ್ತವೆ. ಸ್ಪಿರಿಟ್‌ನಲ್ಲಿ ಅದ್ದಿದ ಇಯರ್‌ಬಡ್‌ನಿಂದ ಒರೆಸಿ ತೆಗೆಯಬಹುದು.

ಪ್ರಶ್ನೆ: ಕಾಡಿನಿಂದ ತಂದದ್ದೆಂದು ಹೇಳಿ ಒಬ್ಬರು ದೊಡ್ಡ ಗಿಡವನ್ನು ಮಾರುತ್ತಿದ್ದಾರೆ. ಕೊಳ್ಳಬಹುದೇ?
– ಓದುಗರು, ಯಲಹಂಕ

ಉತ್ತರ: ದಯವಿಟ್ಟು ಕೊಳ್ಳಬೇಡಿ. ಪ್ಯಾಕಿಪೋಡಿಯಂ ಕುಲದ ಎಲ್ಲ ಪ್ರಭೇದಗಳೂ ಅಳಿವಿನ ಭೀತಿಯಿರುವ ಕಾಡುಗಿಡ, ಪ್ರಾಣಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಪಟ್ಟಿಗಳಲ್ಲಿವೆ, ಭಾರತ 1976ರಿಂದ ಅದರ ಸದಸ್ಯ ರಾಷ್ಟ್ರ. ಕಾಗದಪತ್ರವಿಲ್ಲದೆ ಗಡಿ ದಾಟಿಸಿದ ಗಿಡ ಕಾನೂನಿಗೆ ವಿರುದ್ಧ. ಅಲ್ಲದೆ, ಬಂಡೆಯ ಸಂದಿಯಲ್ಲಿ ಹತ್ತಾರು ವರ್ಷ ನಿಧಾನವಾಗಿ ಬೆಳೆದ ಗಿಡವನ್ನು ಕೀಳುವಾಗ ಬೇರುಗಳು ತುಂಡಾಗಿರುತ್ತವೆ, ಹಾಗಾಗಿ ಎಷ್ಟೋ ಗಿಡಗಳು ಹೊಸ ಬೇರು ಬಿಡದೆ ಕೂಡಿಟ್ಟ ನೀರು ಮುಗಿದ ಮೇಲೆ ಸಾಯುತ್ತವೆ. ಬೀಜದಿಂದ ಬೆಳೆಸಿದ ಸಣ್ಣ ಗಿಡವನ್ನೇ ಕೇಳಿ ಪಡೆಯಿರಿ, ಅಥವಾ ತಾಜಾ ಬೀಜ ಸಿಕ್ಕರೆ ನೀವೇ ಬಿತ್ತಿ. ಏಪ್ರಿಲ್‌ನ ಸೆಕೆಯಲ್ಲಿ, 25ರಿಂದ 30 ಡಿಗ್ರಿಯ ಹವೆಯಲ್ಲಿ, ಒಳ್ಳೆಯ ಬೀಜ ಒಂದೆರಡು ವಾರದೊಳಗೆ ಮೊಳೆಯುತ್ತದೆ.